ಜಲಜ ಹಾಕಿದ ಮೇಣ

ಭಾನುವಾರ ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ನಲ್ಲಿಗೆ ನೀರು ಬರುವ ಹೊತ್ತಿಗೆ, ಹಳೆಯ ಹತ್ತಿ ಸೀರೆಯನ್ನು ಹರಿದು ಮಾಡಿದ ಬಟ್ಟೆಗಳು ಎರಡು ಬಕೆಟ್ಟುಗಳ ಅಂಚಿನ ಮೇಲೆ ಸಿದ್ಧವಾಗಿ ಕೂತಿರುತ್ತಿದ್ದವು. ಒಂದು ಬಕೆಟ್ಟಿನವು ಗಾಡಿಯ ಮೈಗೆ, ಇನ್ನೊಂದರವು ಚಕ್ರಕ್ಕೆ. ಚಕ್ರದ ಬಟ್ಟೆ ಮೈಗೆ ತಾಗಬಾರದು, ಮೈಯ ಬಟ್ಟೆ ನೆಲಕ್ಕೆ ಬೀಳಬಾರದು. ಬಿದ್ದರೆ ಅದಕ್ಕೆ ಅಲ್ಲಿಂದಲೇ ಚಕ್ರದ ಬಕೆಟ್ಟಿಗೆ ವರ್ಗ, ಮತ್ತೆ ಮೇಲೆ ಬರುವ ಭಾಗ್ಯವಿಲ್ಲ. ದೇವರ ಮುಂದೆ ಕೂಡ ಅಷ್ಟೊಂದು ಮಡಿ ಮಾಡದಿದ್ದ ನನ್ನ ಹೆಂಡತಿ ಜಲಜ, ವಿಕ್ರೋಳಿಯ ಈ ಹಳೆಯ ಕಟ್ಟಡದ ಅಂಗಳದಲ್ಲಿ ನೈಟಿಯ ಮೇಲೊಂದು ಟವೆಲ್ ಹೊದ್ದುಕೊಂಡು, ನಮ್ಮ ಪಿಕಪ್ಪಿಗೆ ಸ್ನಾನ ಮಾಡಿಸುವಾಗ ಮಾತ್ರ ಯಾವ ವೈದಿಕರಿಗೂ ಕಡಿಮೆಯಿರಲಿಲ್ಲ.

ಗಾಡಿ ಎಂದರೆ ದೊಡ್ಡದೇನೂ ಊಹಿಸಬೇಡಿ. ಮುಂದೆ ಇಬ್ಬರು ಕೂರುವ ಕ್ಯಾಬಿನ್, ಹಿಂದೆ ಸಾಮಾನು ತುಂಬುವ ತೆರೆದ ಜಾಗ, ಕಡುನೀಲಿ ಬಣ್ಣ, ಮುಂಬಯಿಯ ಯಾವ ಸಿಗ್ನಲಿನಲ್ಲಿ ನಿಂತರೂ ನಿಮ್ಮ ಪಕ್ಕದಲ್ಲಿ ಕಾಣುವಂಥದು. ನಸುಕಿನಲ್ಲೇ ದಾದರಿನ ಮಾರುಕಟ್ಟೆಗೆ ಹೋಗಿ ಬಾಳೆಲೆ, ತೆಂಗಿನಕಾಯಿ, ಕರಿಬೇವು, ಮಳೆಗಾಲವಾದರೆ ಪತ್ರೊಡೆಗೆ ಕೆಸುವಿನ ಎಲೆ ತುಂಬಿಕೊಂಡು, ಮಾಟುಂಗದಿಂದ ಪರೇಲಿನವರೆಗೆ ನಮ್ಮೂರ ಕಡೆಯವರು ನಡೆಸುವ ಹೋಟೆಲುಗಳಿಗೆ ಇಳಿಸಿ ಬರುವುದು ನನ್ನ ಕೆಲಸ. ಅದಕ್ಕೂ ಮೊದಲು, ಕುಂದಾಪುರದ ಕಡೆಯಿಂದ ಬಂದ ಹೊಸತರಲ್ಲಿ, ಅಂಥದೇ ಒಂದು ಹೋಟೆಲಿನಲ್ಲಿ ಮೇಜು ಒರೆಸುತ್ತಿದ್ದೆ, ರಾತ್ರಿ ಶಾಲೆಯಲ್ಲಿ ಕನ್ನಡ ಓದುತ್ತಿದ್ದೆ. ಈಗ ಈ ನಾಲ್ಕು ಸಾಲು ಬರೆಯಲು ಬರುತ್ತಿರುವುದು ಆ ಶಾಲೆಯಿಂದ. ಗಾಡಿ ತೊಳೆಯುವ ಅಧಿಕಾರ ಕೈತಪ್ಪಿದ್ದು ಆ ಮೇಜಿನಿಂದ.

ಏಕೆಂದರೆ ಗಾಡಿ ಮನೆಗೆ ಬಂದ ಹೊಸತರಲ್ಲಿ ತೊಳೆಯುವವನು ನಾನೇ ಆಗಿದ್ದೆ. ಹೋಟೆಲಿನಲ್ಲಿ ಕೆಲಸ ಮಾಡಿದವನ ಕೈ ನಿಮಗೆ ಗೊತ್ತಿರಬಹುದು: ಒದ್ದೆ ಬಟ್ಟೆಯನ್ನು ಮೇಜಿನ ಈ ತುದಿಯಲ್ಲಿಟ್ಟರೆ ಒಂದೇ ಬೀಸಿಗೆ ಆ ತುದಿಗೆ ಹೋಗಬೇಕು, ಅನ್ನದ ಅಗುಳು, ಚೆಲ್ಲಿದ ಸಾಂಬಾರು, ಗಿರಾಕಿ ಬಿಟ್ಟುಹೋದ ಕರಿಬೇವು ಎಲ್ಲ ಆ ಒಂದು ಬೀಸಿನಲ್ಲಿ ಅಂಚಿನಿಂದ ಬಟ್ಟಲಿಗೆ ಬೀಳಬೇಕು. ಆ ಅಭ್ಯಾಸದಲ್ಲಿಯೇ ನಾನು ಬಾನೆಟ್ಟನ್ನೂ ಒರೆಸಿದೆ. ರಸ್ತೆಯ ಮರಳುಕಣಗಳನ್ನು ಬಟ್ಟೆಯ ಅಡಿಯಲ್ಲಿಟ್ಟುಕೊಂಡು ಆ ತುದಿಯಿಂದ ಈ ತುದಿಗೆ ಎಳೆದೆ. ಒಣಗಿದ ಮೇಲೆ ನೋಡಿದರೆ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು.

"ಹ್ವಾಯ್, ಇದ್ ನಿಮ್ ಹೋಟ್ಲ್ ಮೇಜಲ್ಲ. ಮೊದ್ಲ್ ನೀರ್ ಹೊಯ್ದ್, ಧೂಳ್ ಇಳಿಸ್ಕ್. ಬಟ್ಟಿ ಮತ್ತೆ," ಎಂದು ಜಲಜ ನನ್ನ ಕೈಯಿಂದ ಬಟ್ಟೆ ಕಸಿದುಕೊಂಡವಳು ಮತ್ತೆ ಹಿಂದಿರುಗಿಸಲಿಲ್ಲ. "ನೀವ್ ಓಡ್ಸಿ. ನಾನ್ ಮೀಸ್ತೆ."

ಮೀಸುವುದು ಎಂಬುದು ನಮ್ಮ ಕಡೆಯ ಮಾತು. ಮಗುವನ್ನು ಮೀಸುತ್ತಾರೆ, ಕೋಣವನ್ನು ಮೀಸುತ್ತಾರೆ, ದೇವರನ್ನೂ ಮೀಸುತ್ತಾರೆ. ಪಾತ್ರೆಯನ್ನು ತೊಳೆಯುತ್ತಾರೆ, ಬಟ್ಟೆಯನ್ನು ಒಗೆಯುತ್ತಾರೆ. ಮೀಯುವುದಕ್ಕೆ ಮಾತ್ರ ಜೀವವಿರುವ ಮೈಯೊಂದು ಬೇಕು. ಅವಳು ಯೋಚಿಸಿ ಆಡಿದ ಮಾತಲ್ಲ, ಬಾಯಿಗೆ ಬಂದದ್ದು. ಆದರೆ ಆ ಮಾತು ಬಂದ ಮೇಲೆ ಗಾಡಿಗೂ ಅವಳಿಗೂ ನಡುವೆ ಒಂದು ಸಲಿಗೆ ಹುಟ್ಟಿತು. ಬಾಗಿಲಿನ ಸಂದಿಯಲ್ಲಿ ಬಟ್ಟೆ ತೂರಿಸುವಾಗ ಅವಳು ಮಗುವಿನ ಕಿವಿಯ ಹಿಂದೆ ಉಜ್ಜುವವರಂತೆ ಸಣ್ಣಗೆ ಗದರುತ್ತಿದ್ದಳು. ಎಲ್ಲಿ ಕೆಸರು ಹಾರಿಸಿಕೊಂಡು ಬಂದದ್ದು ಎಂಬ ಪ್ರಶ್ನೆ ಗಾಡಿಗೆ ಕೇಳಿದ್ದೋ ನನಗೋ ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ತೊಳೆದು ಒರೆಸಿದ ಮೇಲೆ, ತಿಂಗಳಿಗೊಮ್ಮೆ, ಮೇಣ. ಅಂಗಡಿಯವನು ವ್ಯಾಕ್ಸ್ ಎನ್ನುವ ಚಪ್ಪಟೆ ಡಬ್ಬಿ. ಅದನ್ನು ನಾನೇ ತಂದುಕೊಟ್ಟಿದ್ದರೂ ಅದರ ಉಪಯೋಗ ಹೊಳಪಿಗೆ ಎಂದಷ್ಟೇ ತಿಳಿದಿದ್ದೆ. ಜಲಜಳಿಗೆ ಹೊಳಪಿನ ಮೇಲೆ ಅಂಥ ಮೋಹವೇನಿರಲಿಲ್ಲ. ಅವಳು ಡಬ್ಬಿಯನ್ನು ಒಪ್ಪಿಕೊಂಡದ್ದು ನಾನು ದಿನವೂ ಹೊತ್ತು ತರುವ ಬಾಳೆಲೆಯ ಕಾರಣಕ್ಕೆ. ಬಾಳೆಲೆಯ ಮೇಲೆ ನೀರು ಚಿಮುಕಿಸಿದರೆ ಅದು ಎಲೆಗೆ ಅಂಟುವುದಿಲ್ಲ, ಗುಂಡಾಗಿ ನಿಂತು, ಎಲೆ ಸ್ವಲ್ಪ ಓರೆಯಾದರೆ ಉರುಳಿ ಹೋಗುತ್ತದೆ, ಹೋಗುವಾಗ ಧೂಳನ್ನೂ ಜೊತೆಗೆ ಕರೆದೊಯ್ಯುತ್ತದೆ. ಎಲೆಗೆ ದೇವರು ಹಚ್ಚಿದ ಮೇಣ ಗಾಡಿಗೂ ಇರಲಿ ಎಂಬುದು ಅವಳ ಲೆಕ್ಕಾಚಾರ. ಹಚ್ಚಿ, ಬೆಳ್ಳಗೆ ಒಣಗಲು ಬಿಟ್ಟು, ಮೆತ್ತನೆಯ ಬಟ್ಟೆಯಿಂದ ತಿಕ್ಕಿ ತೆಗೆದ ಮೇಲೆ ಅವಳು ಬೆರಳುಗಳನ್ನು ನೀರಿನಲ್ಲದ್ದಿ ಬಾನೆಟ್ಟಿನ ಮೇಲೆ ಕೊಡವುತ್ತಿದ್ದಳು. ಹನಿಗಳು ಮುತ್ತಾಗಿ ನಿಂತರೆ ಕೆಲಸ ಮುಗಿಯಿತು. ಚಪ್ಪಟೆಯಾಗಿ ಹರಡಿದರೆ ಆ ಜಾಗಕ್ಕೆ ಇನ್ನೊಂದು ಕೈ.

ಅಕ್ಕಪಕ್ಕದವರು ನಗುತ್ತಿದ್ದರು. ಗಂಡ ಒಳಗೆ ಪೇಪರು ಓದುತ್ತಾನೆ, ಹೆಂಡತಿ ಹೊರಗೆ ಗಾಡಿ ತೊಳೆಯುತ್ತಾಳೆ ಎಂದು. ನಾನು ನಾಚಿಕೊಂಡು ಹೊರಗೆ ಬಂದರೆ ಜಲಜ ಪೇಪರಿನೊಂದಿಗೆ ವಾಪಸು ಕಳಿಸುತ್ತಿದ್ದಳು. ಹೋಟೆಲುಗಳಲ್ಲಿ ಮಾತ್ರ ಆ ಹೊಳಪಿನ ಗೌರವ ನನಗೆ ಸಲ್ಲುತ್ತಿತ್ತು. ನೀಲಿ ಗಾಡಿಯ ಸುಧಾಕರ ಎಂದರೆ ಎಲ್ಲರಿಗೂ ಗೊತ್ತು. ಆ ನೀಲಿಯನ್ನು ನೀಲಿಯಾಗಿ ಉಳಿಸಿದವಳು ಯಾರೆಂದು ಗೊತ್ತಿದ್ದವರು ಕಡಿಮೆ.

ಈ ವರ್ಷ ಮಳೆಗಾಲಕ್ಕೆ ಮೊದಲು ಅವಳು ಎಂದಿನಂತೆ ಮೇಣ ಹಾಕಿದಳು. ಅದೇ ವಾರ, ಬೆಳಿಗ್ಗೆ ಅಕ್ಕಿ ತೊಳೆಯುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಅದೇ ಗಾಡಿಯಲ್ಲಿ. ಹೆಚ್ಚು ಬರೆಯುವುದಕ್ಕೆ ನನಗೆ ಬರುವುದಿಲ್ಲ. ಹೋಗುವಾಗ ಪಕ್ಕದಲ್ಲಿ ಕೂತಿದ್ದಳು, ಬರುವಾಗ ಕೂತಿರಲಿಲ್ಲ.

ಕ್ರಿಯೆಗಳೆಲ್ಲ ಮುಗಿದು ನಾನು ಮತ್ತೆ ಕೆಲಸಕ್ಕೆ ಹೊರಟ ದಿನಗಳಲ್ಲೇ ಮೊದಲ ಮಳೆ ಬಂತು. ಹೆದ್ದಾರಿಯಲ್ಲಿ ಗಾಡಿಗಳೆಲ್ಲ ನಿಂತುಬಿಟ್ಟಿದ್ದವು. ನನ್ನೆದುರಿನ ಬಾನೆಟ್ಟಿನ ಮೇಲೆ ಹನಿಗಳು ಬಿದ್ದು, ಗುಂಡಾಗಿ ನಿಂತು, ಒಂದನ್ನೊಂದು ಕೂಡಿಕೊಂಡು ಉರುಳತೊಡಗಿದವು. ನಾನು ವೈಪರ್ ಹಾಕುವುದನ್ನೂ ಮರೆತು ನೋಡುತ್ತ ಕೂತೆ. ಅವಳು ಹೋಗಿದ್ದಾಳೆ, ಅವಳ ಕೈಕೆಲಸ ಇನ್ನೂ ನಡೆಯುತ್ತಿದೆ. ಮಳೆ ಬಂದು ಬಾಗಿಲು ತಟ್ಟಿದರೆ ಅವಳೇ ಇನ್ನೂ ಉತ್ತರ ಕೊಡುತ್ತಿದ್ದಾಳೆ ಅನ್ನಿಸಿತು. ಹಿಂದಿನ ಗಾಡಿಗಳು ಹಾರನ್ ಹೊಡೆದು ನನ್ನನ್ನು ಎಬ್ಬಿಸಬೇಕಾಯಿತು. ಈ ಮೇಣವನ್ನು ನನ್ನ ಕೈಯಿಂದ ತೊಳೆದು ತೆಗೆಯಬಾರದು ಎಂದು ನಾನು ನಿಶ್ಚಯಿಸಿದ್ದು ಆವತ್ತು.

ಇದನ್ನು ಹುಚ್ಚು ಎನ್ನುವ ಮೊದಲು ನನ್ನ ಕಡೆಯಿಂದ ಸ್ವಲ್ಪ ನೋಡಿ. ಸತ್ತವರು ಏನಾದರೂ ಬಿಟ್ಟುಹೋಗುತ್ತಾರೆ. ನೆಟ್ಟ ಮರ, ಹೆಣೆದ ಸ್ವೆಟರು, ಹೊಲಿದ ಕೌದಿ. ಜಲಜ ಜೀವನವಿಡೀ ಮಾಡಿದ್ದು ಮಾತ್ರ ಉಳಿಯದ ಕೆಲಸಗಳನ್ನು. ಅವಳು ಬೇಯಿಸಿದ್ದನ್ನು ನಾವು ಉಂಡೆವು, ಗುಡಿಸಿದ ನೆಲ ಮಧ್ಯಾಹ್ನಕ್ಕೆ ಮತ್ತೆ ಕಸವಾಯಿತು, ತುಂಬಿಟ್ಟ ನೀರು ಸಂಜೆಗೆ ಖಾಲಿಯಾಯಿತು, ಮಗಳಿಗೆ ಹೆಣೆದ ಜಡೆ ಶಾಲೆಯಿಂದ ಬರುವಷ್ಟರಲ್ಲಿ ಬಿಚ್ಚಿಹೋಗಿತ್ತು. ಮನೆಯೆಲ್ಲ ಹುಡುಕಿದರೂ ಇದು ಅವಳು ಮಾಡಿದ್ದು ಎಂದು ಕೈಯಲ್ಲಿ ಹಿಡಿದು ತೋರಿಸುವಂಥದು ಸಿಗಲಿಲ್ಲ. ಉಪ್ಪಿನಕಾಯಿಯ ಭರಣಿಯೊಂದು ಇತ್ತು, ಅದನ್ನೂ ಬಂದವರಿಗೆ ಬಡಿಸಿ ಮುಗಿಸಿದ್ದೆವು. ಹೀಗಿರುವಾಗ ಗಾಡಿಯ ಮೈಮೇಲೆ ಉಗುರಿಗಿಂತ ತೆಳ್ಳಗೆ, ಕಣ್ಣಿಗೆ ಕಾಣದ ಹಾಗೆ, ಅವಳ ಕೈಯ ಕೊನೆಯ ಸುತ್ತುಗಳಿವೆ ಎಂದರೆ ನಾನು ಅದಕ್ಕೆ ಹೇಗೆ ನೀರು ಹೊಯ್ಯಲಿ?

ಸೊಪ್ಪು, ಎಲೆ ಇಡುವ ಹಿಂಬದಿಯನ್ನು ಮಾತ್ರ ದಿನವೂ ತೊಳೆಯುತ್ತಿದ್ದೆ. ಕನ್ನಡಿ, ದೀಪ ಒರೆಸುತ್ತಿದ್ದೆ. ಕ್ಯಾಬಿನ್ನಿನ ಮೈಯನ್ನು ಮುಟ್ಟಲಿಲ್ಲ. ಮಳೆಗಾಲದ ಮುಂಬಯಿ ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಧಾರಾವಿಯ ಮಗ್ಗುಲಿನ ಕೆಸರು, ಮೆಟ್ರೋ ಕಾಮಗಾರಿಯ ಸಿಮೆಂಟಿನ ಗಂಜಿ, ಬಸ್ಸುಗಳು ಎರಚಿದ ಕಪ್ಪು ನೀರು ಎಲ್ಲವೂ ಒಂದರ ಮೇಲೊಂದು ಒಣಗಿ, ನೀಲಿ ಗಾಡಿ ಯಾವ ಬಣ್ಣದ್ದೆಂದು ಕೇಳಿ ತಿಳಿಯಬೇಕಾದ ಸ್ಥಿತಿಗೆ ಬಂತು. ಯಾರಾದರೂ ಕೇಳಿದರೆ ನನ್ನಲ್ಲಿ ಒಂದು ಉತ್ತರ ಸಿದ್ಧವಿತ್ತು: ಈ ವರ್ಷ ನಮಗೆ ಹಬ್ಬವಿಲ್ಲ, ವರ್ಷ ಕಳೆಯಲಿ. ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡದಿರುವುದು ನಮ್ಮಲ್ಲಿ ಎಲ್ಲರೂ ಒಪ್ಪುವ ಕ್ರಮ. ಆ ಮಾತಿನ ಎದುರು ಯಾರೂ ಎರಡನೆಯ ಮಾತಾಡುವುದಿಲ್ಲ.

ಮಾಟುಂಗದ ಹೋಟೆಲಿನ ಭಟ್ಟರು ಆಡಿದರು. ನಾನು ಹುಡುಗನಾಗಿದ್ದಾಗ ಮೇಜು ಒರೆಸಿದ್ದು ಅವರಲ್ಲಿಯೇ. ಆ ಸಲಿಗೆ ಅವರಿಗುಂಟು. ಆಯುಧಪೂಜೆಯ ಹಿಂದಿನ ದಿನಗಳು. ಎಲೆಯ ಕಟ್ಟು ಇಳಿಸುತ್ತಿದ್ದಾಗ ಅವರು ಗಲ್ಲಾದಿಂದೆದ್ದು ಹೊರಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಎಂತ ಮಾರಾಯ ಇದು? ಗಾಡಿಯಾ, ಗದ್ದೆಯಿಂದ ಎದ್ದು ಬಂದ ಕೋಣವಾ?"

"ಈ ವರ್ಷ ನಮಗೆ ಹಬ್ಬ ಇಲ್ಲ ಅಲ್ವಾ ಭಟ್ರೆ. ವರ್ಷ ಕಳೀಲಿ."

"ಹಬ್ಬ ಇಲ್ಲ ಅಂದ್ರೆ ಪಾಯಸ ಇಲ್ಲ ಅಂತ. ಸ್ನಾನ ಇಲ್ಲ ಅಂತ ನಿನಗೆ ಯಾರು ಹೇಳಿದ್ದು?"

ಅವರು ಗಾಡಿಯ ಬಾಗಿಲನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ಪಂಚೆಗೆ ಒರೆಸಿಕೊಳ್ಳಲು ಹೋಗಿ, ಮನಸ್ಸು ಬದಲಿಸಿ ನನ್ನ ಟವೆಲಿಗೆ ಒರೆಸಿಕೊಂಡರು.

"ನೋಡು ಸುಧಾಕರ, ಸೂತಕ ಹೋಗುದೇ ಸ್ನಾನದಿಂದ. ಆವತ್ತು ನೀನು ಮಿಂದೆ, ಮಗಳು ಮಿಂದಳು, ಮನೆ ತೊಳೆದಿರಿ. ಅವಳನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು ಇದು. ಇದನ್ನು ಮಾತ್ರ ಯಾರೂ ಮೀಸ್ಲಿಲ್ಲ. ಪಾಪ, ನಿಮಗೆಲ್ಲ ಬಿಟ್ಟ ಸೂತಕವನ್ನು ಇದೊಂದೇ ಹೊತ್ತುಕೊಂಡು ಊರಿಡೀ ತಿರುಗ್ತಾ ಉಂಟು." ಒಳಗೆ ಹೋಗುತ್ತ ಮತ್ತೆ ತಿರುಗಿದರು. "ಇದೇ ವೇಷದಲ್ಲಿ ಬಂದರೆ ಮುಂದಿನ ವಾರದಿಂದ ನನಗೆ ಎಲೆ ಬೇಡ. ಊಟಕ್ಕೆ ಬಂದವರು ಬಾಗಿಲಲ್ಲಿ ಇದನ್ನು ಕಂಡರೆ ಕೈ ತೊಳೆದು ಹಾಗೇ ಹೋಗ್ತಾರೆ."

ಬೇಡ ಎಂದದ್ದು ನನ್ನನ್ನು ಅಷ್ಟು ತಟ್ಟಲಿಲ್ಲ, ಪಾಪ ಎಂದದ್ದು ತಟ್ಟಿತು. ಯಾವ ಕ್ರಮದ ಹಿಂದೆ ನಾನು ಅಡಗಿದ್ದೆನೋ ಅದೇ ಕ್ರಮವನ್ನು ಹಿಡಿದು ಅವರು ನನ್ನನ್ನು ಹೊರಗೆಳೆದಿದ್ದರು. ದಾರಿಯುದ್ದಕ್ಕೂ ಸ್ಟೇರಿಂಗ್ ಹಿಡಿದುಕೊಂಡು, ಮೀಯಿಸದೆ ಬಿಟ್ಟ ಮಗುವಿನ ಕೈ ಹಿಡಿದು ನಡೆಯುತ್ತಿರುವವನಂತೆ ಸಂಕೋಚಪಟ್ಟೆ.

ಭಾನುವಾರ ನೀರು ಬಂದಾಗ ಎರಡು ಬಕೆಟ್ ತುಂಬಿಸಿ ಗಾಡಿಯ ಮುಂದಿಟ್ಟೆ. ಅಷ್ಟೇ ಆಯಿತು. ಮಗ್ಗು ಹಿಡಿದ ಕೈ ಮೇಲೇಳಲಿಲ್ಲ. ಪರೇಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ನಿಶಾಳಿಗೆ ಆವತ್ತು ರಜೆ. ಹಲ್ಲುಜ್ಜುತ್ತ ಹೊರಗೆ ಬಂದವಳು ನನ್ನನ್ನು ನೋಡಿದಳು.

"ಕ್ಯಾ ಹುವಾ ಪಪ್ಪಾ? ನೀರು ನಿಂತುಹೋಗ್ತದೆ, ಜಲ್ದಿ ಮಾಡಿ ನಾ."

"ಅಮ್ಮ ಹಾಕಿದ ಮೇಣ ಇದೆ ಇದರಲ್ಲಿ," ಎಂದೆ. "ತೊಳೆದರೆ ಹೋಗ್ತದೆ."

ಅವಳು ಬಾಯಿ ತೊಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತಳು.

"ಇಷ್ಟು ದಿನ ಅದಕ್ಕಾ? ಮುಝೆ ಲಗಾ ನಿಮಗೆ ಆಲಸ್ಯ ಅಂತ. ನಾನು ಮನಸ್ಸಲ್ಲಿ ಎಷ್ಟು ಬೈದಿದ್ದೆ." ಅವಳ ಕನ್ನಡ ಹೀಗೆಯೇ, ಅರ್ಧ ದಾರಿಯಲ್ಲಿ ಬೇರೆ ಭಾಷೆಯ ಗಾಡಿ ಹತ್ತಿ ಮತ್ತೆ ಇಳಿಯುತ್ತದೆ. ಆಮೇಲೆ ನನ್ನ ಕೈಯಿಂದ ಮಗ್ಗು ತೆಗೆದುಕೊಂಡಳು. "ಒಂದು ಸಲ ಚೆಕ್ ಮಾಡುವ. ಅಮ್ಮ ಮಾಡ್ತಿತ್ತಲ್ಲ, ಹಾಗೆ. ಮುತ್ತು ನಿಂತರೆ ನಾನೇ ತೊಳೀಲಿಕ್ಕೆ ಬಿಡುದಿಲ್ಲ. ಪ್ರಾಮಿಸ್."

ಬಾನೆಟ್ಟಿನ ಒಂದು ಮೂಲೆಗೆ ಮೆಲ್ಲಗೆ ನೀರು ಹೊಯ್ದು ಕೆಸರನ್ನು ಇಳಿಸಿದಳು. ಅಂಗೈಯಗಲ ನೀಲಿ ಕಂಡಿತು. ಬೆರಳು ಅದ್ದಿ ಅದರ ಮೇಲೆ ಕೊಡವಿದಳು. ಹನಿಗಳು ಬಿದ್ದವು, ಒಂದು ಕ್ಷಣ ಯೋಚಿಸಿದವು, ಆಮೇಲೆ ಚಪ್ಪಟೆಯಾಗಿ ಹರಡಿ ಒಂದಕ್ಕೊಂದು ಅಂಟಿಕೊಂಡು ತೇವದ ಒಂದು ಕಲೆಯಾಗಿ ಕೂತವು. ಇನ್ನೊಂದು ಮೂಲೆಯಲ್ಲಿ ನೋಡಿದಳು. ಬಾಗಿಲ ಮೇಲೆ ನೋಡಿದಳು. ಎಲ್ಲಿಯೂ ಮುತ್ತು ನಿಲ್ಲಲಿಲ್ಲ.

"ಹೋಗಿದೆ ಪಪ್ಪಾ," ಎಂದಳು. "ಮಳೆಯಲ್ಲೇ ಹೋಗಿರ್ತದೆ. ಕಬ್ ಕಾ, ಯಾವಾಗ್ಲೋ."

ನಾನು ಇಷ್ಟು ತಿಂಗಳು ಕಾಯ್ದದ್ದು ಬರೀ ಕೆಸರನ್ನು. ಆ ಹೊತ್ತಿನಲ್ಲಿ ನನಗೆ ಅಳು ಬಂದಿದ್ದರೆ ಸಹಜವಾಗಿತ್ತು. ಬಂದದ್ದು ನಗೆ, ಅದೂ ಜಲಜಳ ನಗೆ. ಅವಳು ಇದ್ದಿದ್ದರೆ ಹೀಗೆಯೇ ಹಣೆ ಬಡಿದುಕೊಂಡು ನಗುತ್ತಿದ್ದಳು. ಮಳೆಗಾಗಿ ಹಾಕಿದ ಮೇಣ ಮಳೆಯಲ್ಲಿ ಸವೆದುಹೋಗಿದೆ. ಅದರಲ್ಲಿ ಅನ್ಯಾಯವೇನಿದೆ? ಸವೆಯಲೆಂದೇ ಹಾಕುವುದು ಅದನ್ನು, ಬಣ್ಣದ ಬದಲು ತಾನು ಸವೆಯಲಿ ಎಂದು. ಅವಳು ಪ್ರತಿ ತಿಂಗಳೂ ಡಬ್ಬಿ ತೆಗೆಯುತ್ತಿದ್ದದ್ದು ಹಿಂದಿನ ತಿಂಗಳಿನದು ಹೋಗಿದೆ ಎಂಬ ದುಃಖದಿಂದಲ್ಲ. ಅನ್ನ ಮುಗಿದರೆ ಅಕ್ಕಿ ತೊಳೆಯುವಷ್ಟು ಸಲೀಸಾಗಿ. ಉಳಿಯದ ಕೆಲಸಗಳನ್ನು ಮಾಡಿದಳು ಎಂದು ನಾನು ಮರುಗಿದ್ದೆನಲ್ಲ, ಅವಳಿಗೆ ಆ ಮರುಕ ಇರಲೇ ಇಲ್ಲ ಎಂದು ನನಗೆ ಬಾನೆಟ್ಟಿನ ಮುಂದೆ ನಿಂತಾಗ ಹೊಳೆಯಿತು.

ಮೊದಲು ನೀರು ಹೊಯ್ದು ಧೂಳು ಇಳಿಸಿದೆವು. ಅಂಗಳದ ಮೋರಿಯಲ್ಲಿ ಒಂದು ಮಳೆಗಾಲದ ಕೆಸರು ಹರಿದುಹೋಯಿತು. ಶಾಂಪೂ ಪುಡಿಕೆ ಒಡೆದು ನೊರೆ ಮಾಡಿ ನಿಶಾ ಬಾಗಿಲುಗಳನ್ನು ಉಜ್ಜಿದಳು, ನಾನು ಚಕ್ರ. ಆಮೇಲೆ ಮೇಣದ ಡಬ್ಬಿ. ಅದನ್ನು ತೆಳ್ಳಗೆ ಸುತ್ತು ಸುತ್ತಾಗಿ ಹಚ್ಚಬೇಕು. ನನ್ನ ಕೈ ಮಾತ್ರ ಹೋಟೆಲಿನ ಮೇಜನ್ನು ನೆನೆಸಿಕೊಂಡು ಮತ್ತೆ ಮತ್ತೆ ಉದ್ದಕ್ಕೆ ಓಡುತ್ತಿತ್ತು. ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಶಾಂತವ್ವ ಅದನ್ನು ನೋಡುತ್ತಲೇ ಇದ್ದಿರಬೇಕು. ಬಾಗಲಕೋಟೆಯ ಕಡೆಯ ಈ ಹೆಂಗಸು ಜಲಜಳ ಸಂಜೆಯ ಹರಟೆಯ ಗೆಳತಿ.

"ಅಣ್ಣಾರ, ಗಾಡಿಗಿ ಮೇಣ ಹಚ್ಚಾಕತ್ತೀರೋ, ರೊಟ್ಟಿಗಿ ಬೆಣ್ಣಿ ಹಚ್ಚಾಕತ್ತೀರೋ?"

"ಎರಡೂ ಬರೋದಿಲ್ಲ ಶಾಂತವ್ವ!" ಎಂದೆ.

ಮೇಣ ಬೆಳ್ಳಗೆ ಒಣಗಿ, ನೀಲಿ ಗಾಡಿ ಮೈತುಂಬ ವಿಭೂತಿ ಬಳಿದುಕೊಂಡ ಹಾಗೆ ನಿಂತಿತು. ತಿಕ್ಕಿ ತೆಗೆದಂತೆ ಒಳಗಿನ ಬಣ್ಣ ಎದ್ದಿತು. ಬಾಗಿಲಲ್ಲಿ ನಿಶಾಳ ಮುಖ ಕಂಡಿತು, ಅದರ ಹಿಂದೆ ನನ್ನದು. ನಾವಿಬ್ಬರೂ ದೂರ ಸರಿದು ನಿಂತು ನಮ್ಮ ಕೆಲಸವನ್ನು ನಾವೇ ಮೆಚ್ಚಿಕೊಳ್ಳುತ್ತಿದ್ದಾಗ ಮೇಲಿಂದ ಮತ್ತೆ ದನಿ ಬಂತು.

"ಮಾರಿ ಛಲೋ ಆತ್ರಿ ಅಣ್ಣಾರ. ಆದ್ರ ತಲಿ ಯಾರ ತೊಳ್ಯಾವ್ರು? ನಮಗ ಮ್ಯಾಲಿಂದ ಕಾಣೂದ ಬರೇ ತಲಿ."

ಕ್ಯಾಬಿನ್ನಿನ ಛಾವಣಿಯ ಮಾತು ಅದು. ಕೆಳಗೆ ನಿಂತವರಿಗೆ ಅದು ಕಾಣುವುದಿಲ್ಲ. ಜಲಜ ಕುಳ್ಳಿ, ಮೇಲೆ ಒಂದೆರಡು ಮಗ್ಗು ನೀರು ಎರಚಿ ಬಿಡುತ್ತಿದ್ದಳು. ಮಂಡಿನೋವಿನಿಂದ ಹಿಂಬದಿಗೆ ಹತ್ತಿ ನಿಲ್ಲುವುದೂ ಅವಳಿಂದಾಗುತ್ತಿರಲಿಲ್ಲ. ನಾನು ಹತ್ತಿ ನೋಡಿದೆ. ಬಿಸಿಲಿಗೆ ಬೆಂದು ಸುಣ್ಣದಂತೆ ಬಿಳಿಚಿಕೊಂಡ, ಮೇಣವನ್ನು ಒಮ್ಮೆಯೂ ಕಾಣದ ಒಂದು ಚೌಕ. ನಾನು ಅಷ್ಟೂ ವರ್ಷ ತಲೆಯ ಮೇಲೆ ಹೊತ್ತುಕೊಂಡು ತಿರುಗಿದ್ದು. ಅವಳ ಕೈ ಎಟುಕದ ಜಾಗ ಇದು ಎಂದು ಅಲ್ಲಿ ನಿಂತಾಗ ತಿಳಿಯಿತು, ಮತ್ತು ನನ್ನ ಕೈ ಎಟುಕುತ್ತದೆ ಎಂದೂ.

"ನಿಶಾ, ಆ ಡಬ್ಬಿ ಇತ್ತ ಕೊಡು," ಎಂದೆ. ಉಜ್ಜಿ ತೊಳೆದು, ಒರೆಸಿ, ತೆಳ್ಳಗೆ ಹಚ್ಚಿದೆ. ಈ ಸಲ ಕೈ ಸುತ್ತು ಸುತ್ತಾಗಿಯೇ ಹೋಯಿತು.

ಆಯುಧಪೂಜೆಗೆ ನಾವು ಹೂ ಹಾಕಲಿಲ್ಲ, ಕಾಯಿ ಒಡೆಯಲಿಲ್ಲ, ಕ್ರಮ ಕ್ರಮವೇ. ಭಟ್ಟರು ಗಾಡಿಯನ್ನು ಒಂದು ಸುತ್ತು ಹಾಕಿ, ಒಳಗಿನಿಂದ ಒಂದು ಲೋಟ ಕಾಫಿ ಕಳಿಸಿದರು. ಅದಾದ ಮೇಲಿನ ಒಂದು ಮಧ್ಯಾಹ್ನ, ನಾನು ಮನೆಗೆ ಬಂದು ಊಟಕ್ಕೆ ಕೂರುವಷ್ಟರಲ್ಲಿ ಹೋಗಿಯೇಬಿಟ್ಟಿತು ಎಂದುಕೊಂಡಿದ್ದ ಮಳೆ ಗುಡುಗಿನೊಂದಿಗೆ ಬಂದು ದಡಬಡ ಸುರಿದು ನಿಂತಿತು. ಹಿಂದೆಯೇ ಬಿಸಿಲು.

"ಅಣ್ಣಾರ! ಲಗೂನ ಮ್ಯಾಲ ಬರ್ರಿ, ಏನ ಕಾಣ್ತೈತಿ ನೋಡ್ರಿ!"

ಮೆಟ್ಟಿಲು ಹತ್ತಿ ಶಾಂತವ್ವನ ಗ್ಯಾಲರಿಗೆ ಹೋದೆ. ನಾನು ಆ ಗಾಡಿಯನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ಛಾವಣಿಯ ಆ ಚೌಕದ ತುಂಬ ಹನಿಗಳು ಗುಂಡಾಗಿ, ಒಂದಕ್ಕೊಂದು ತಾಗದೆ, ಬಿಸಿಲಿನಲ್ಲಿ ಮಿನುಗುತ್ತ ನಿಂತಿದ್ದವು. ಎಲ್ಲಿಯೂ ಒಂದು ಚಪ್ಪಟೆ ಕಲೆಯಿಲ್ಲ. ಇದನ್ನು ಜಲಜಳಿಗೆ ತೋರಿಸಬೇಕು ಎಂದುಕೊಂಡು ತಿರುಗಿದೆ. ತಿರುಗಿ ಒಂದೆರಡು ಮೆಟ್ಟಿಲು ಇಳಿದೂ ಬಿಟ್ಟೆ. ಆಮೇಲೆ ಗೋಡೆಗೆ ಕೈಯೂರಿ ಅಲ್ಲಿಯೇ ನಿಂತೆ.

ಶಾಂತವ್ವ ಒಳಗೆ ಹೋಗಿ ಒಂದು ಸ್ಟೂಲು ತಂದು ಗ್ಯಾಲರಿಯ ಕಟಕಟೆಗೆ ತಾಗಿಸಿ ಇಟ್ಟಳು.

"ಕುಂದರ್ರಿ ಅಣ್ಣಾರ. ಚಾ ಮಾಡ್ತೀನಿ. ಹನಿ ಆರೂತನಕ ನೋಡೂಣು."

ನಾನು ಹಿಂದಿರುಗಿ ಬಂದು ಕೂತೆ.